ಬರ್ಕೊಳಪ್ಪಾ

ಕಳೆದ ರಜೆಯಲ್ಲಿ ಕ್ಲಾಸಿನವರೆಲ್ಲ ಇಂಟರ್ನ್‌ಶಿಪ್ ಅಂತ ಓಡಾಡ್ತಿದ್ದಾಗ ನಾನು ಅರಸೀಕೆರೆಯಲ್ಲಿ ನಮ್ಮ ಮಾವನ ದಿನಸಿ ಅಂಗಡಿಯಲ್ಲಿ ಬೇಳೆ ತೂಗ್ತಾ ಇದ್ದೆ. ಮಾವನಿಗೆ ಮಂಡಿ ಆಪರೇಷನ್ ಆಗಿತ್ತು. ಕೂತು ದುಡ್ಡು ತಗೋಬಹುದು, ನಿಲ್ಲೋ ಹಾಗಿರಲಿಲ್ಲ. ಅಂಗಡೀಲಿ ಏನ್ ಮಹಾ ಕೆಲಸ, ಆರಾಮಾಗಿ ಕೂತು ಕೋಡಿಂಗ್ ಕಲೀಬಹುದು ಅಂತ ಲ್ಯಾಪ್‌ಟಾಪ್ ತಗೊಂಡು ಹೋದೆ. ಐದು ವಾರದಲ್ಲಿ ಅದನ್ನ ತೆಗೆದಿದ್ದು ಎರಡು ಸಲ.

ಮೊದಲ ದಿನವೇ ಮರ್ಯಾದೆ ಹೋಯ್ತು. ಸ್ಕೂಲಲ್ಲಿ ನಾನು ಲೆಕ್ಕ ಕಲಿತಿದ್ದೆಲ್ಲ ಇಂಗ್ಲಿಷಲ್ಲಿ. ಎಪ್ಪತ್ತೊಂಬತ್ತಾ ಎಂಬತ್ತೊಂಬತ್ತಾ ಅಂತ ಎರಡೆರಡು ಸಲ ಕೇಳಬೇಕಿತ್ತು. ಬಿಡಿ ಬೇಳೆ ಚೀಲದ ಮೇಲೆ ಹೆಸರು ಬೇರೆ ಇರಲ್ಲ. ಕಡ್ಲೆಬೇಳೆ ಕೇಳಿದ ಅಜ್ಜಿಗೆ ತೊಗರಿಬೇಳೆ ಕಟ್ಟಿಕೊಟ್ಟೆ. "ಅಂಬೊಡೆ ಮಾಡಕ್ಕೆ ಕಣಪ್ಪಾ, ಸಾರಿಗಲ್ಲ" ಅಂತ ಅವರು ನಕ್ಕರು. ಮಾವ ನಗಲಿಲ್ಲ.

ಅಕ್ಕಿ ಮೂಟೆ 26 ಕೆಜಿ ಇರೋದು ಯಾಕೆ ಅಂತ ಗೊತ್ತಾ? 2022ರ ಜುಲೈನಿಂದ 25 ಕೆಜಿವರೆಗಿನ ಲೇಬಲ್ ಇರೋ ಪ್ಯಾಕಿಗೆ ಶೇ 5 ಜಿಎಸ್‌ಟಿ, ಅದಕ್ಕಿಂತ ದೊಡ್ಡದಕ್ಕೆ ಇಲ್ಲ. ಹಾಗಾಗಿ ಒಂದು ಕೆಜಿ ಜಾಸ್ತಿ. ಬುದ್ಧಿವಂತಿಕೆ ಯಾರದ್ದೋ, ಬೆನ್ನು ಮಾತ್ರ ನಂದು.

ಇದೆಲ್ಲ ಎರಡು ವಾರದಲ್ಲಿ ಅಭ್ಯಾಸ ಆಯ್ತು. ಹೊಸ ಸ್ಟಾಕ್ ಹಿಂದೆ ಜೋಡಿಸಿ ಹಳೇದನ್ನ ಮುಂದೆ ತರೋದು, ತಕ್ಕಡಿಯಲ್ಲಿ ಡಬ್ಬದ ತೂಕ ಕಳೆಯೋದು, ಎಲ್ಲಾ. ಅಭ್ಯಾಸ ಆಗದೇ ಇದ್ದಿದ್ದು ಸಾಲದ ಪುಸ್ತಕ.

"ದಯವಿಟ್ಟು ಸಾಲ ಕೇಳಬೇಡಿ" ಅನ್ನೋ ಬೋರ್ಡ್ ಇದೆ. ಅದರ ಕೆಳಗೇ ಉದ್ದನೆಯ ಪುಸ್ತಕವೂ ಇದೆ. ಜನ ಸಾಮಾನು ತಗೊಂಡು "ಬರ್ಕೊಳಪ್ಪಾ" ಅಂತಾರೆ, ಹೋಗ್ತಾರೆ. ಇದನ್ನ ಆ್ಯಪ್ ಮಾಡಿ, ತಿಂಗಳಾದ ತಕ್ಷಣ ಎಲ್ಲರಿಗೂ ಮೆಸೇಜ್ ಹೋಗೋ ಹಾಗೆ ಮಾಡಿದ್ರೆ ಒಳ್ಳೇ ಮಿನಿ ಪ್ರಾಜೆಕ್ಟ್ ಆಗುತ್ತೆ ಅಂತ ನಾನು ಪ್ಲಾನ್ ಹಾಕಿದ್ದೆ.

ಒಂದು ಸಂಜೆ ಮಾವ ಊಟಕ್ಕೆ ಒಳಗೆ ಹೋಗಿದ್ರು. ಪಕ್ಕದ ಬೀದಿಯವರೊಬ್ಬರು ಎಣ್ಣೆ, ಸಕ್ಕರೆ ತಗೊಂಡು ಬರ್ಕೊಳಪ್ಪಾ ಅಂದ್ರು. ಪುಟ ತೆಗೆದು, ನಾಲ್ಕು ಜನ ನಿಂತಿದ್ದ ಹಾಗೇ, "ಆಂಟಿ, ಹಳೇದು 640 ಬಾಕಿ ಇದೆ, ಎರಡು ತಿಂಗಳಾಯ್ತು" ಅಂದೆ. ಜೋರಾಗೇನೂ ಹೇಳಲಿಲ್ಲ. ಮಾಮೂಲಿ ದನಿ. ಅವರು "ಹೌದಲ್ವಾ" ಅಂದು ಎಣ್ಣೆ ಪ್ಯಾಕೆಟ್ ವಾಪಸ್ ಇಟ್ಟರು. ಸಕ್ಕರೆಗೆ ಮಾತ್ರ ಚಿಲ್ಲರೆ ಎಣಿಸಿ ಕೊಟ್ಟರು. ಮಾರನೇ ದಿನ ಅವರ ಮಗಳು ಬಂದು 640 ಕೊಟ್ಟು ಹೋದಳು. ಆಮೇಲೆ ಆ ಮನೆಯಿಂದ ಯಾರೂ ಬರಲಿಲ್ಲ.

ನನ್ನ ಆ್ಯಪ್‌ನಲ್ಲಾಗಿದ್ರೆ ಈ ಲೆಕ್ಕ ಹಸಿರು ಬಣ್ಣದಲ್ಲಿ ಕಾಣ್ತಿತ್ತು. ವಸೂಲಿ ಪೂರ್ತಿ, ಬಾಕಿ ಸೊನ್ನೆ.

ಮಾವ ಏನು ದೇವರಲ್ಲ. ಸಾಲ ವಸೂಲಿಗೆ ಬೈತಾರೆ, ಎಷ್ಟೋ ಜನ ಅವರಿಗೆ ಕೈ ಕೊಟ್ಟೂ ಇದ್ದಾರೆ. ಆದ್ರೆ ಯಾರಿಗೆ ಬೈಬಹುದು, ಯಾರಿಗೆ ಅಂಗಡಿ ಖಾಲಿ ಆಗೋವರೆಗೆ ಕಾದು ಮೆಲ್ಲಗೆ ಹೇಳಬೇಕು, ಯಾರ ಮನೇಲಿ ಈ ತಿಂಗಳು ಸಂಬಳ ಆಗಿಲ್ಲ, ಇದು ಅವರಿಗೆ ಗೊತ್ತು. ಅಂಗಡಿ ಕೆಲಸಕ್ಕೆ ನಾವು "ಅನ್‌ಸ್ಕಿಲ್ಡ್" ಅಂತೀವಿ. ನಾನೂ ಅಂದಿದ್ದೀನಿ. ಆ ಪದ ಯಾರು ಕಂಡುಹಿಡಿದರೋ ಗೊತ್ತಿಲ್ಲ, ಅವರು ಒಂದು ಸಂಜೆನೂ ಗಲ್ಲಾ ಹಿಂದೆ ನಿಂತಿರಲಿಕ್ಕಿಲ್ಲ. ನನಗೆ ಆ ಸ್ಕಿಲ್ ಇರಲಿಲ್ಲ, ಅಷ್ಟೇ.

ಮಾವ ಆ ಪುಟಕ್ಕೆ ಅಡ್ಡಗೆರೆ ಎಳೆದರು. ಒಂದು ಮಾತೂ ಆಡಲಿಲ್ಲ. ಆವತ್ತಿಂದ ಊಟಕ್ಕೆ ಹೋಗುವಾಗ ಪುಸ್ತಕವನ್ನ ಜೊತೆಗೇ ತಗೊಂಡು ಹೋಗೋಕೆ ಶುರು ಮಾಡಿದ್ರು.