ಜಾಮೀನಿಗೊಂದು ಪಹಣಿ

ಶಿವಮೊಗ್ಗದ ಹಳೇ ಜೈಲು ಪೇಟೆಯೊಳಗೇ ಇತ್ತು. ಆ ಜಾಗ ಆಮೇಲೆ ಫ್ರೀಡಂ ಪಾರ್ಕ್ ಆಯ್ತು. 2024ರ ಜನವರಿಯಲ್ಲಿ ಯುವನಿಧಿಗೆ ಚಾಲನೆ ಸಿಕ್ಕಿದ್ದು ಅಲ್ಲೇ. ಜೈಲು ಸೋಗಾನೆಗೆ ಹೋಯ್ತು. ಸೋಗಾನೆ ಅಂದ ತಕ್ಷಣ ಈಗ ಎಲ್ಲರಿಗೂ ನೆನಪಾಗೋದು ವಿಮಾನ ನಿಲ್ದಾಣ. ಜೈಲು ಕಣ್ಣಿಂದ ದೂರ ಆದಮೇಲೆ ಒಳಗೆ ಯಾರಿದ್ದಾರೆ, ಯಾಕಿದ್ದಾರೆ ಅನ್ನೋ ಮಾತೂ ದೂರ ಆಗಿಬಿಟ್ಟಿದೆ.

ನಮ್ಮ ಆಯನೂರಿನ ಯಾವ ಹೋಟ್ಲಲ್ಲಾದ್ರೂ ಟೀ ಕುಡೀತಾ ಕೇಳಿ ನೋಡಿ. ಅಡಿಕೆ ಕದ್ದವನಿಗೆ, ಇಸ್ಪೀಟು ಆಡಿದವನಿಗೆ, ಕುಡಿದು ಹೊಡೆದಾಡಿಕೊಂಡವರಿಗೆ, ಎಲ್ಲರಿಗೂ ಒಂದೇ ಮದ್ದು: "ಒಳಗೆ ಹಾಕ್ಬೇಕು ಮಾರಾಯ, ಬುದ್ಧಿ ಬರುತ್ತೆ." ಬುದ್ಧಿ ಬರುತ್ತೋ ಇಲ್ವೋ ಗೊತ್ತಿಲ್ಲ, ಕೂಲಿಯಂತೂ ಹೋಗುತ್ತೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅದರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದ್ರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತೇ ಆಗಿರಲಿಲ್ಲ. ಇವರಲ್ಲಿ ಜಾಮೀನು ಸಿಗದವರು ಇರ್ತಾರೆ, ಜಾಮೀನು ಸಿಕ್ಕಿಯೂ ಹೊರಗೆ ಬರೋಕಾಗದವರೂ ಇರ್ತಾರೆ. ಈ ಎರಡನೇ ಗುಂಪಿನವರನ್ನ ಹೊರಗೆ ತರೋಕೆ ಯಾವ ಕಾನೂನೂ ಬದಲಾಗಬೇಕಿಲ್ಲ. ಊರಿನವರು ಮನಸ್ಸು ಮಾಡಬೇಕು, ಅಷ್ಟೇ.

ಹೇಗೆ ಅಂತೀರಾ? ಜಡ್ಜು ಜಾಮೀನು ಕೊಟ್ಟರು ಅಂತಿಟ್ಕೊಳ್ಳಿ. ಇಷ್ಟು ರೂಪಾಯಿ ಬಾಂಡ್, ಜೊತೆಗೆ ಒಬ್ಬರೋ ಇಬ್ಬರೋ ಜಾಮೀನುದಾರರು. ಜಾಮೀನುದಾರ ಅಂದ್ರೆ ನಮ್ಮ ಕಡೆ ಪಹಣಿ, ಆಧಾರ್ ಹಿಡ್ಕೊಂಡು ಕೋರ್ಟಿಗೆ ಬರೋನು. ಅಪ್ಪನ ಹೆಸರಲ್ಲಿ ಎರಡೆಕರೆ ತೋಟ ಇರೋ ಹುಡುಗ ಬೇಗ ಮನೆ ಸೇರ್ಕೊತಾನೆ. ಶುಂಠಿ ಕೆಲಸಕ್ಕೆ ಬೇರೆ ಜಿಲ್ಲೆಯಿಂದ ಬಂದವನಿಗೆ ಇಲ್ಲಿ ಪಹಣಿ ಇರೋ ನೆಂಟ ಎಲ್ಲಿಂದ ಬರಬೇಕು?

ಬಗರ್ ಹುಕುಂನವರ ಪಾಡು ಇನ್ನೂ ವಿಚಿತ್ರ. ಎಷ್ಟೋ ವರ್ಷದಿಂದ ಉಳ್ತಾ ಇರ್ತಾರೆ, ಫಾರಂ 50, 53, 57 ಅಂತ ಅರ್ಜಿ ಹಾಕ್ತಾನೇ ಇರ್ತಾರೆ, ಪಹಣಿಯಲ್ಲಿ ಮಾತ್ರ "ಸರ್ಕಾರ" ಅಂತಲೇ ಇರುತ್ತೆ. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಅಲ್ಲಿ ಮುಳುಗಡೆಯಾಗಿ ಶಿವಮೊಗ್ಗ ತಾಲ್ಲೂಕಿಗೆ ಬಂದವರಲ್ಲಿ ಮೊಮ್ಮಕ್ಕಳ ಕಾಲಕ್ಕೂ ಹಕ್ಕುಪತ್ರದ ತಕರಾರು ಮುಗಿಯದವರಿದ್ದಾರೆ. ಇಂಥಾ ಕಡೆ ಇಡೀ ಕೇರಿ ಎದ್ದು ಬಂದ್ರೂ ಒಬ್ಬನಿಗೆ ಜಾಮೀನು ನಿಲ್ಲೋಕಾಗಲ್ಲ. ಆಗ ಉಳಿಯೋದು ಕೋರ್ಟ್ ಸುತ್ತ ಸುಳಿದಾಡೋ ಬಾಡಿಗೆ ಜಾಮೀನುದಾರ. ಅವನಿಗೆ ದುಡ್ಡು ಕೊಡೋಕೆ ಇನ್ನೊಂದು ಸಾಲ..

ಇದೇನು ಹೊಸ ರೋಗ ಅಲ್ಲ. 1978ರಲ್ಲಿ ಮೋತಿರಾಮ್ ಅನ್ನೋ ಗಾರೆ ಕೆಲಸದವನ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು 10,000 ರೂಪಾಯಿಗೆ ಜಾಮೀನುದಾರ ಬೇಕು ಅಂದಿದ್ರು. ಒಡಹುಟ್ಟಿದವನೇ ನಿಲ್ಲೋಕೆ ಬಂದ್ರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ಆಗಲ್ಲ ಅಂದ್ರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನ ತಳ್ಳಿಹಾಕಿ ಸ್ವಂತ ಬಾಂಡ್ ಮೇಲೆ ಬಿಡಿ ಅಂದ್ರು. ನಲವತ್ತೈದು ವರ್ಷ ಆದಮೇಲೆ, 2023ರ ಜನವರಿ 31ರಂದು, ಅದೇ ಕೋರ್ಟು ಮತ್ತೆ ಹೇಳಬೇಕಾಯ್ತು: ಸ್ಥಳೀಯ ಜಾಮೀನುದಾರನೇ ಬೇಕು ಅಂತ ಹಟ ಹಿಡಿಯೋದರಿಂದ ಬಿಡುಗಡೆ ತಡ ಆಗ್ತಿದೆ ಅಂತ. ಜಾಮೀನು ಸಿಕ್ಕಿ ಏಳು ದಿನ ಆದ್ರೂ ಕೈದಿ ಹೊರಗೆ ಬರದಿದ್ರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತಲೂ ಹೇಳಿತು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳ ನೆರವಿಗೆ ಒಂದು ಯೋಜನೆ ತಂತು, ಜಾಮೀನಿಗಾಗಿ ಒಬ್ಬರಿಗೆ 40,000 ರೂಪಾಯಿವರೆಗೆ. ನಮ್ಮೂರಿನ ಎಷ್ಟು ಜನ ಇದನ್ನ ಕೇಳಿರಬಹುದು ಹೇಳಿ?

ಹಾಗಾದ್ರೆ ಜಾಮೀನುದಾರರು ಸಿಕ್ಕಿದ್ರೆ ಎಲ್ಲ ಸರಿಹೋಗುತ್ತಾ? ಇಲ್ಲ. ಜಾಮೀನೇ ಸುಲಭಕ್ಕೆ ಸಿಗದ ಕೇಸುಗಳಿವೆ. ಅಲ್ಲಿ ದನಿ ಎತ್ತೋರು ಬೇಕು. ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ವಿಠಲ ಮಲೆಕುಡಿಯ ನೆನಪಿದ್ದಾರಾ? ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದ್ತಿದ್ದ ಹುಡುಗ. 2012ರ ಮಾರ್ಚಿನಲ್ಲಿ ಅಪ್ಪನ ಜೊತೆ ಬಂಧನ, ನಕ್ಸಲ್ ನಂಟು ಅಂತ ದೇಶದ್ರೋಹ, ಯುಎಪಿಎ ಎರಡೂ. ಸಿಕ್ಕಿದ್ದರಲ್ಲಿ ಭಗತ್ ಸಿಂಗ್ ಪುಸ್ತಕ, ಪತ್ರಿಕೆ ತುಣುಕುಗಳು, ಊರಿಗೆ ಸೌಲಭ್ಯ ಕೊಡೋವರೆಗೂ ಚುನಾವಣೆ ಬಹಿಷ್ಕರಿಸ್ತೀವಿ ಅನ್ನೋ ಪತ್ರ. ಕೈಕೋಳ ಹಾಕ್ಕೊಂಡೇ ಪರೀಕ್ಷೆ ಬರೆಸಿದ್ರು. ವಿದ್ಯಾರ್ಥಿ, ಯುವಜನ ಸಂಘಟನೆಗಳು, ಆದಿವಾಸಿಗಳ ಪರ ನಿಂತವರು ಬೀದಿಗಿಳಿದಿದ್ದಕ್ಕೇ ಅದು ರಾಜ್ಯಕ್ಕೆಲ್ಲ ಗೊತ್ತಾಯ್ತು. ಅಪ್ಪ ಮಗ ಇಬ್ಬರೂ ಖುಲಾಸೆ ಆಗಿದ್ದು 2021ರ ಅಕ್ಟೋಬರ್ 21ಕ್ಕೆ. ಒಂಬತ್ತೂವರೆ ವರ್ಷ! ಬೆನ್ನಿಗೆ ಜನ ನಿಂತ ಕೇಸಿಗೇ ಇಷ್ಟು ಕಾಲ ಹಿಡೀತು. ಯಾರೂ ಇಲ್ಲದವರದ್ದು ಊಹಿಸಿಕೊಳ್ಳಿ.

ಇನ್ನು ಪೊಲೀಸ್ ಸುಧಾರಣೆ. ಅದು ಬೆಂಗಳೂರಲ್ಲಿ ಆಗೋ ಕೆಲಸ ಅಂತ ನಾವು ಕೈ ತೊಳ್ಕೊಂಡಿದ್ದೀವಿ. ಆದ್ರೆ ಮಹಜರಿಗೆ ಪಂಚರಾಗಿ ಸಹಿ ಹಾಕೋರು ಯಾರು? ನಮ್ಮೂರಿನವರೇ. ಸಾಹೇಬ್ರು ಹೇಳಿದ್ರು ಅಂತ ಓದದೇ ಸಹಿ ಹಾಕ್ತಾರೆ, ನಾವು ಸಾಫ್ಟ್‌ವೇರಿನ ಷರತ್ತುಗಳನ್ನ ಓದದೇ "ಒಪ್ಪಿಗೆ" ಒತ್ತೋ ಹಾಗೆ :) ಒಬ್ಬನನ್ನ ವರ್ಷಗಟ್ಟಲೆ ಅಲೆದಾಡಿಸೋ ತಾಕತ್ತು ಆ ಸಹಿಗಿದೆ. 2024ರ ಜುಲೈಯಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್ ಕಾನೂನಿನಲ್ಲಿ ಶೋಧ, ಜಪ್ತಿಯ ವಿಡಿಯೋ ಕಡ್ಡಾಯ. ಬಂಧಿತರ ಹೆಸರು ಠಾಣೆಯಲ್ಲಿ ಎದ್ದು ಕಾಣೋ ಹಾಗೆ ಹಾಕ್ಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಕೇಸಿಗೆ ಸುಮ್ಮನೆ ಹಿಡ್ಕೊಂಡು ಹೋಗೋ ಹಾಗಿಲ್ಲ, ಕಾರಣ ಬರೀಬೇಕು, ಇಲ್ಲಾಂದ್ರೆ ನೋಟಿಸ್ ಕೊಟ್ಟು ಕರೀಬೇಕು. ಇದನ್ನ ಅರ್ನೇಶ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿತ್ತು. 2025ರಲ್ಲಿ "ಮನೆ ಮನೆಗೆ ಪೊಲೀಸ್" ಅಂತ ಶುರುವಾಯ್ತಲ್ಲ, ಬಾಗಿಲಿಗೆ ಬಂದವರಿಗೆ ಕಾಫಿ ಕೊಟ್ಟು ಇದನ್ನೇ ಕೇಳಿ: ಹೆಸರಿನ ಬೋರ್ಡು ಇದೆಯಾ ಸಾರ್, ಸಿಸಿಟಿವಿ ನಡೀತಿದೆಯಾ?

ಪೊಲೀಸರ ಮೇಲೆ ಹಗೆಯಿಂದ ಹೇಳ್ತಿಲ್ಲ. ಗಣಪತಿ ಮೆರವಣಿಗೆ ದಿನ ಶಿವಮೊಗ್ಗದಲ್ಲಿ ಬೆಳಗ್ಗೆಯಿಂದ ನಿಂತೇ ಇರೋ ಪೇದೆಯ ಮುಖ ನೋಡಿದವರಿಗೆ ಹಗೆ ಬರಲ್ಲ. 2016ರಲ್ಲಿ ಸಂಬಳ, ರಜೆ ಅಂತ ಪೊಲೀಸರ ಪರ ಹೋರಾಟಕ್ಕಿಳಿದ ಶಶಿಧರ್ ಅವರ ಮೇಲೂ ದೇಶದ್ರೋಹದ ಕೇಸು ಬಿದ್ದು ಜೈಲಿಗೆ ಹೋದ್ರು ಅನ್ನೋದನ್ನ ಮರೀಬಾರದು.

ನನಗನ್ನಿಸೋದು, ಒಂದೊಂದು ಪಂಚಾಯ್ತಿಯಲ್ಲಿ ಪಹಣಿ ಇರೋ ಐದಾರು ಜನ ಸೇರಿ "ನಾವು ಜಾಮೀನು ನಿಲ್ತೀವಿ" ಅಂತ ಹೇಳಿಕೊಳ್ಳಬೇಕು. ಕಾನೂನು ಸೇವಾ ಪ್ರಾಧಿಕಾರದ ಜೊತೆ ಮಾತಾಡೋಕೆ ಒಬ್ಬರಿರಬೇಕು (ಸಹಾಯವಾಣಿ 15100. ಬಂಧನದಲ್ಲಿರೋರಿಗೆ ಆದಾಯ ಎಷ್ಟೇ ಇದ್ರೂ ವಕೀಲರು ಉಚಿತ). ಅಪಾಯ ಇಲ್ಲ ಅಂತ ಸುಳ್ಳು ಹೇಳಲ್ಲ. ಆರೋಪಿ ತಲೆ ತಪ್ಪಿಸ್ಕೊಂಡ್ರೆ ಬಾಂಡ್ ದುಡ್ಡು ಜಾಮೀನುದಾರನ ತಲೆಗೇ ಬರುತ್ತೆ. ಆದ್ರೆ ಸ್ವಸಹಾಯ ಸಂಘದಲ್ಲಿ ಒಬ್ಬಳ ಸಾಲಕ್ಕೆ ಹತ್ತು ಜನ ಹೆಂಗಸರು ಹೊಣೆ ಹೊರ್ತಾರೆ, ನಮ್ಮ ಗಂಡಸರಿಗೆ ಅದೇನು ಕಷ್ಟ?

ಈ ವಿಷಯ ಮನೇಲಿ ಎತ್ತಿದೆ. "ನೀನು ಬೆಂಗಳೂರಲ್ಲಿ ಕೂತು ಹೇಳ್ತೀಯ, ಪಹಣಿ ಇರೋದು ನನ್ನ ಹೆಸರಲ್ಲಿ" ಅಂದ್ರು ಅಪ್ಪ. ಅಮ್ಮ ಮಾತ್ರ, ಯಾರಿಗೆ, ಎಷ್ಟು ರೂಪಾಯಿಗೆ ಅಂತ ಕೇಳಿದ್ಳು. ಮಾತುಕತೆ ಇನ್ನೂ ನಡೀತಿದೆ.