ಕೌದಿಗೆ ಚೌಕಾಶಿ, ಬ್ಲಾಂಕೆಟಿಗೆ ಕೇಳಿದಷ್ಟು!

ಹುಬ್ಬಳ್ಳಿ-ಧಾರವಾಡದ ಯಾವುದೇ ಓಣಿಯಲ್ಲಿ ಬೆಳಿಗ್ಗೆ ಕಸದ ಗಾಡಿ ಬಂದಾಗ ಒಂದು ನಿಮಿಷ ನಿಂತು ನೋಡಿ. ತರಕಾರಿ ಸಿಪ್ಪೆ, ನಿನ್ನೆಯ ಸಾರಿನ ಜತೆಗೇ ಸೀರೆ, ಚಾದರ, ಮಕ್ಕಳ ಬೂಟು, ಕಾಲು ಮುರಿದ ಸ್ಟೂಲು, ಹಿಡಿಕೆ ಹೋದ ಕುಕ್ಕರು ಗಾಡಿ ಏರುತ್ತವೆ. ಹರಿದದ್ದು ಕಡಿಮೆ, ಬೇಸರ ಬಂದದ್ದೇ ಹೆಚ್ಚು.

"ಕಸದಿಂದ ರಸ" ಎಂಬ ಭಾಷಣಕ್ಕೆ ನಮ್ಮಲ್ಲಿ ಬರವಿಲ್ಲ. ಜೂನ್ 5, ಪರಿಸರ ದಿನ ಬಂತೆಂದರೆ ಶಾಲೆ ಮಕ್ಕಳು ಪ್ಲಾಸ್ಟಿಕ್ ಬಾಟ್ಲಿ ಕತ್ತರಿಸಿ ಹೂವಿನ ಕುಂಡ ಮಾಡ್ತಾರೆ. ಅತಿಥಿಗಳು ಚಪ್ಪಾಳೆ ತಟ್ಟಿ ಫೋಟೋ ತೆಗೆಸಿಕೊಳ್ತಾರೆ. ಜೂನ್ 6ಕ್ಕೆ ಆ ಕುಂಡವೂ ಕಸದ ಗಾಡಿ ಹತ್ತುತ್ತದೆ!

ಅಲ್ಲ ಸ್ವಾಮಿ, ಈ ವಿದ್ಯೆಯನ್ನು ನಮಗೆ ಯಾರಾದರೂ ಹೊಸದಾಗಿ ಕಲಿಸಬೇಕೇ? ಅಜ್ಜನ ಧೋತರ ಹಳೆಯದಾದರೆ ಕೂಸಿಗೆ ಬಟ್ಟೆ, ಆಮೇಲೆ ಹಾಲು ಸೋಸುವ ಅರಿವೆ, ಕೊನೆಗೆ ಒಲೆಯ ಮುಂದಿನ ಮಸಿಬಟ್ಟೆ. ಎಣ್ಣೆ ಡಬ್ಬಿಯಲ್ಲಿ ತುಳಸಿ. ತೆಂಗಿನ ಚಿಪ್ಪಿಗೆ ಕಡ್ಡಿ ಸಿಗಿಸಿದರೆ ಸೌಟು. ಗೊಬ್ಬರದ ಚೀಲ ಮಳೆಗಾಲದಲ್ಲಿ ತಲೆಯ ಮೇಲಿನ ಕೊಪ್ಪಿ. ಇದಕ್ಕೆಲ್ಲ ಯಾರೂ ಬಹುಮಾನ ಕೊಡಲಿಲ್ಲ, ಫೋಟೋನೂ ತೆಗೆಯಲಿಲ್ಲ.

ಇವೆಲ್ಲದರ ರಾಣಿ ನಮ್ಮ ಕೌದಿ. ನಾಲ್ಕಾರು ಹಳೇ ಸೀರೆ ಪದರು ಪದರಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಒಳಕ್ಕೆ ಸಾಲು ಸಾಲು ಕೈಹೊಲಿಗೆ. ಮಶಿನ್ ಬೇಡ, ಕರೆಂಟ್ ಬೇಡ. ಚಳಿಗೆ ಹೊದಿಕೆ, ಬಾಣಂತಿಗೆ ಹಾಸಿಗೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಸೀಮೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಇಂಥವೇ ಕೌದಿಗಳು ಅಮೆರಿಕದ ಪ್ರದರ್ಶನಗಳಿಗೂ ಹೋಗಿ ಬಂದಿವೆ. ಇಲ್ಲಿ ಮಾತ್ರ ಅದು 'ಹಳ್ಳಿ ಸಾಮಾನು'!

ಮಧ್ಯದವರು ಎಲ್ಲಿ ಹೋದರು?

ಮನೆಯವರ ಜಾಣ್ಮೆ ಕಡಿಮೆಯಾಗಿಲ್ಲ. ಕಡಿಮೆಯಾದವರು ಮಧ್ಯದವರು. ಓಣಿ ಓಣಿ ತಿರುಗಿ ಕೌದಿ ಹೊಲಿಯುವವರು, ಪಾತ್ರೆಗೆ ಕಲಾಯಿ ಹಾಕುವವರು, ಕೊಡೆ-ಸ್ಟೋವ್ ರಿಪೇರಿಯವರು, ಹಳೇ ಬಟ್ಟೆಗೆ ಸ್ಟೀಲ್ ಭಾಂಡೆ ಕೊಡುವವರು. ಇವರ ಕೂಗು ಈಗ ಅಪರೂಪ.

ಕಾರಣ ಎರಡು. ಒಂದು, ಮಾಲೇ ಬದಲಾಯಿತು. ಹತ್ತಿ ಸೀರೆ ಹಳೆಯದಾದಷ್ಟೂ ಮೆತ್ತಗಾಗುತ್ತದೆ, ಬೆವರು ಹೀರುತ್ತದೆ. ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಬೆವರೂ ಹೀರುವುದಿಲ್ಲ. ಮಿಕ್ಸರ್, ಫ್ಯಾನುಗಳ ಬಿಡಿಭಾಗ ಹುಡುಕುವುದರೊಳಗೆ ಹೊಸದೇ ಬಂದಿರುತ್ತದೆ. ಎರಡು, ನಮ್ಮ ಜಿಪುಣತನ. ಹಗಲೆಲ್ಲ ಬೆನ್ನು ಬಗ್ಗಿಸಿ ದಿನಗಟ್ಟಲೆ ಹೊಲಿದವಳ ಕೂಲಿಗೆ ಕಟ್ಟೆಯ ಮೇಲೆ ಕೂತು ಅರ್ಧ ತಾಸು ಚೌಕಾಶಿ ಮಾಡ್ತೇವೆ. ಅದೇ ಮೊಬೈಲಿನಲ್ಲಿ ಮಿಂಕ್ ಬ್ಲಾಂಕೆಟ್ ಕಂಡರೆ ತುಟಿ ಪಿಟಕ್ಕೆನ್ನದೆ ದುಡ್ಡು ಹಾಕ್ತೇವೆ. ಇದೆಂಥ ನ್ಯಾಯ?

ಇನ್ನು ಗುಜರಿಯವರ ವಿಷಯ. ಅವರ ವ್ಯಾಪಾರ ನಿಂತಿರುವುದು ಒಣಗಿದ ಮಾಲಿನ ಮೇಲೆ. ರಟ್ಟಿನ ಡಬ್ಬಕ್ಕೆ ಬೆಲೆಯುಂಟು. ಅದರ ಮೇಲೆ ಸಾರು ಚೆಲ್ಲಿತೋ, ಕೇಳುವವರಿಲ್ಲ. ಹಸಿ, ಒಣ, ಅಪಾಯಕಾರಿ ಎಂದು ಕಸ ಬೇರೆ ಮಾಡಬೇಕು, ಚಿಂದಿ ಆಯುವವರನ್ನು ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಬರೆದಿತ್ತು. ಬರೆದದ್ದು ಬೇರೆ, ನಡೆದದ್ದು ಬೇರೆ. ಚೀಲ ಹೊತ್ತ ಹುಡುಗನನ್ನು ಕಂಡರೆ ನಾಯಿ ಛೂ ಬಿಡುವವರು ಇಂದಿಗೂ ಇದ್ದಾರೆ.

2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ದೇಶದ ನಗರಗಳಲ್ಲೆಲ್ಲ 'ಆರ್‌ಆರ್‌ಆರ್' ಕೇಂದ್ರ ತೆರೆಯಲು ಹೇಳಿತು. ಹಳೇ ಬಟ್ಟೆ, ಬೂಟು, ಪುಸ್ತಕ, ಆಟಿಕೆ ತಂದುಕೊಡಿ, ಬೇಕಾದವರಿಗೆ ತಲುಪಿಸುತ್ತೇವೆ ಎಂಬ ಯೋಜನೆ. ಒಳ್ಳೆಯದೇ. ಆದರೆ ತೆಗೆದುಕೊಳ್ಳುವ ಕೈ ಇದ್ದರೆ ಸಾಲದು, ಹೊಲಿಯುವ ಕೈಯೂ ಬೇಕು. ಗುಂಡಿ ಹೋದ ಅಂಗಿಯನ್ನು ಹಾಗೇ ಬಡವರ ಕೈಗಿಟ್ಟರೆ ಅದು ದಾನವಲ್ಲ, ನಮ್ಮ ಮನೆಯ ಕಸ ಅವರ ಮನೆಗೆ ಸಾಗಿಸಿದ ಹಾಗೆ.

ಅಂಗಡಿಕಾರರಿಗೆ ಎರಡು ಮಾತು

2016ರ ಮಾರ್ಚಿನಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ಗಿರಾಕಿ ಇಂದಿಗೂ ಕೈಬೀಸಿಕೊಂಡೇ ಬರುತ್ತಾನೆ, ದಂಡ ಬೀಳುವುದು ಅಂಗಡಿಗೆ. ಮನೆಯಲ್ಲಿ ಹಳೇ ಪ್ಯಾಂಟ್ ಇದ್ದರೆ ಕಾಲು ಕತ್ತರಿಸಿ ಕೆಳಗೊಂದು ಹೊಲಿಗೆ, ಮೇಲೊಂದು ಹಿಡಿಕೆ ಹಾಕಿಸಿ. ಐದು ಕೆಜಿ ಜೋಳಕ್ಕೂ ಜಗ್ಗದ ಚೀಲ. ನಿಮ್ಮ ಓಣಿಯ ಟೇಲರ್ ಕಡೆಯಿಂದ ಇಂಥ ಹತ್ತು ಚೀಲ ಹೊಲಿಸಿ ಗಲ್ಲೆಯ ಪಕ್ಕ ತೂಗುಹಾಕಿ, ಠೇವಣಿ ಇಟ್ಟುಕೊಂಡು ಕೊಡಿ. ಚೀಲ ತಿರುಗಿ ಬಂದರೆ ದುಡ್ಡು ವಾಪಸ್.

ಆದರೆ ಹಳೆಯದೆಲ್ಲ ಬಂಗಾರವಲ್ಲ. ಮಿರ್ಚಿ ಭಜಿ, ಗಿರಮಿಟ್ಟು ಕಟ್ಟಿಕೊಡುವ ಪೇಪರ್ ಇದೆಯಲ್ಲ, ಅದರ ಮಸಿ ಹೊಟ್ಟೆಗೆ ಹೋಗುತ್ತದೆ. ತಿನ್ನುವ ಪದಾರ್ಥವನ್ನು ಪತ್ರಿಕೆಯಲ್ಲಿ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮವೇ ಹೇಳಿದೆ. ಈ ಪತ್ರಿಕೆಯೂ ಅದಕ್ಕೆ ಹೊರತಲ್ಲ! ಓದಿ, ಆಮೇಲೆ ರದ್ದಿಗೆ ಹಾಕಿ. ಕೀಟನಾಶಕದ, ಬಣ್ಣದ ಡಬ್ಬಿ ಎಷ್ಟೇ ತೊಳೆದರೂ ಅದರಲ್ಲಿ ನೀರು, ಕಾಳು ತುಂಬಬೇಡಿ. ಹಳೇ ವೈರ್ ಸುಟ್ಟು ತಾಮ್ರ ತೆಗೆಯುವ ಹೊಗೆಯೂ ವಿಷ. ಬ್ಯಾಟರಿ, ಟ್ಯೂಬ್‌ಲೈಟ್ ಬೇರೆ ಇಟ್ಟು ಕೊಡಿ.

ಹಾಗಾದರೆ ಆಗಬೇಕಾದದ್ದೇನು? ವಾರ್ಡಿಗೊಂದು ಕೋಣೆ, ಎರಡು ಹೊಲಿಗೆ ಮಶಿನ್, ಒಂದು ರಿಪೇರಿ ಮೇಜು. ಕೌದಿ ಹೊಲಿಯುವವರಿಗೆ, ರಿಪೇರಿಯವರಿಗೆ ಅಲ್ಲಿ ಕೂರಲು ಬಾಡಿಗೆಯಿಲ್ಲದ ಜಾಗ, ಗೋಡೆಯ ಮೇಲೆ ನಿಗದಿಯಾದ ಕೂಲಿಯ ಪಟ್ಟಿ. ಇದಕ್ಕೆ ಕೋಟಿ ರೂಪಾಯಿ ಬೇಡ, ಪುರಪಿತೃಗಳಿಗೆ ಮನಸ್ಸು ಬೇಕು. ಕಸ ಸಾಗಿಸುವುದಕ್ಕೆ ಖರ್ಚಾಗುವ ಡೀಸೆಲ್ಲಿನಲ್ಲಿ ಒಂದಷ್ಟು ಉಳಿದರೂ ಅದು ಲಾಭವೇ.

ಪುರಪಿತೃಗಳು ಏಳುವ ತನಕ ನಾವು ಒಂದು ಕೆಲಸ ಮಾಡಬಹುದು. ಮುಂದಿನ ಸಲ ಓಣಿಯಲ್ಲಿ "ಕೌದಿ ಹೊಲಿಸ್ತೀರೇನ್ರೀ" ಎಂಬ ಕೂಗು ಕೇಳಿದರೆ ಬಾಗಿಲು ಹಾಕಬೇಡಿ. ಅಟ್ಟದ ಮೇಲಿನ ಗಂಟು ಇಳಿಸಿ. ಕೇಳಿದ ಕೂಲಿ ಕೊಡಿ. ಅವ್ವನ ಸೀರೆ ಕಸದ ಗಾಡಿಗೆ ಹೋಗುವುದಕ್ಕಿಂತ ಮೊಮ್ಮಗನ ಮೈಮೇಲೆ ಇರುವುದು ಲೇಸಲ್ಲವೇ?