ಕೆಟ್ಟ ಸರ್ಕ್ಯೂಟನ್ನೂ ನಮ್ಮ ಕೈಗೆ ಕೊಡಿ

ಬಿಇ ಲ್ಯಾಬ್‌ನಲ್ಲಿ ನಮಗೆ ಸಿಗುವ ಕಿಟ್‌ಗಳು ಸರಿಯಾಗಿಯೇ ಇರುತ್ತವೆ. ಮ್ಯಾನುವಲ್‌ನಲ್ಲಿ ಇದ್ದಂತೆ ವೈರ್ ಜೋಡಿಸಿದರೆ ರೀಡಿಂಗ್ ಬರುತ್ತದೆ, ರೆಕಾರ್ಡ್ ಬರೆದರೆ ಅಂಕ ಬರುತ್ತದೆ. ಕಿಟ್ ಕೈಕೊಟ್ಟರೆ ಪಕ್ಕದ ಟೇಬಲ್‌ಗೆ ಹೋಗುತ್ತೇವೆ. ಆದರೆ ಕಾಲೇಜಿನ ಗೇಟು ದಾಟಿದ ಮೇಲೆ ಜನ ನಮ್ಮ ಮುಂದೆ ತಂದಿಡುವುದು ಕೆಟ್ಟದ್ದನ್ನೇ. ಅದರಲ್ಲೂ ಪೂರ್ತಿ ಕೆಟ್ಟದ್ದಲ್ಲ, ಆಗೊಮ್ಮೆ ಈಗೊಮ್ಮೆ ಕೆಡುವಂಥದ್ದು. ಅದನ್ನು ಹುಡುಕುವ ವಿದ್ಯೆಗೆ ನಮ್ಮ ಓದಿನಲ್ಲಿ ಜಾಗ ತೀರಾ ಕಡಿಮೆ ಎಂಬುದು ನನ್ನ ತಕರಾರು.

ಕಾಗಿನೆಲೆಯಲ್ಲಿರುವ ನನ್ನ ಸೋದರಮಾವನ ಗಾಡಿಯ ಕತೆ ಹೇಳುತ್ತೇನೆ. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಎಂದು ಬಾಡಿಗೆ ಓಡಿಸುವ, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಡೀಸೆಲ್ ಕಾರು ಅದು. ಮೆಣಸಿನಕಾಯಿ ಸೀಜನ್‌ನಲ್ಲಿ, ಬಾಡಿಗೆ ಜೋರಾಗಿರುವ ಹೊತ್ತಿನಲ್ಲೇ ತೊಂದರೆ ಶುರುವಾಯಿತು. ಓಡುತ್ತಿದ್ದಾಗ ಒಮ್ಮೆಲೇ ಎಂಜಿನ್ ಬಲ ಕಳೆದುಕೊಳ್ಳುತ್ತಿತ್ತು, ಮೀಟರ್‌ನಲ್ಲಿ ಹಳದಿ ದೀಪ ಹತ್ತುತ್ತಿತ್ತು. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಎಲ್ಲ ಸರಿ. ‘ಗ್ಯಾರೇಜಿನ್ಯಾಗ ನಿಂತ್ರ ಛಲೋ ಇರತೈತಿ ಅಳಿಯಾ, ರೋಡಿಗೆ ಬಂದ್ರ ಮತ್ತ ಅದ ರಾಗ’ ಎನ್ನುತ್ತಿದ್ದ ಮಾವ. ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕುವಾಗ ಹೀಗಾದರೆ ಗತಿಯೇನು?

ಒಂದು ಕಡೆ ಸ್ಕ್ಯಾನರ್ ಹಾಕಿದರು. ‘ಇಂಧನ ರೈಲ್ ಪ್ರೆಶರ್ ಸೆನ್ಸರ್ ಸರ್ಕ್ಯೂಟ್ – ಹೈ’ ಎಂಬ ಅರ್ಥದ ಪಿ0193 ಕೋಡ್ ಬಂತು. ಸೆನ್ಸರ್ ಬದಲಾಯಿಸಿದರು. ವಾರದೊಳಗೆ ತೊಂದರೆ ಮರಳಿತು. ಈಗ ಇಸಿಯುವನ್ನೇ ಬದಲಾಯಿಸಬೇಕು ಎಂದರು. ಆ ಕೋಡ್‌ನಲ್ಲಿ ‘ಸರ್ಕ್ಯೂಟ್’ ಎಂಬ ಪದವಿದೆ ಎಂಬುದನ್ನು ಯಾರೂ ಗಮನಿಸಿರಲಿಲ್ಲ. ಸ್ಕ್ಯಾನರ್ ಹೇಳುವುದು ಯಾವ ಬಿಡಿಭಾಗ ಕೆಟ್ಟಿದೆ ಎಂದಲ್ಲ, ಯಾವ ದಾರಿಯಲ್ಲಿ ಹುಡುಕಬೇಕು ಎಂದು. ಸೆನ್ಸರ್, ಕನೆಕ್ಟರ್, ವೈರ್, ಗ್ರೌಂಡ್ ಎಲ್ಲವೂ ಆ ದಾರಿಯಲ್ಲೇ ಬರುತ್ತವೆ.

ಪರಿಚಯದ ಮೇಸ್ತ್ರಿಯೊಬ್ಬರ ಜೊತೆ ಕುಳಿತು ಮೊದಲು ಮಾಡಿದ ಕೆಲಸ, ತೊಂದರೆ ಯಾವಾಗ ಬರುತ್ತದೆ ಎಂದು ಮಾವನಿಂದ ಬರೆಸಿದ್ದು. ಎಂಜಿನ್ ಕಾದ ಮೇಲೆ, ಗುಂಡಿ ಬಿದ್ದ ರಸ್ತೆಯಲ್ಲಿ. ಶಾಖ ಮತ್ತು ಅಲುಗಾಟ ಎರಡೂ ಸೇರಿದರೆ ಅನುಮಾನ ಜೋಡಣೆಯ ಮೇಲೆಯೇ ಹೋಗಬೇಕು. ವೈರಿನ ಜಾಡು ಹಿಡಿದು ಹೋದಾಗ ಒಂದು ಕಪ್ಪು ಪೆಟ್ಟಿಗೆ ಸಿಕ್ಕಿತು. ಪಿಕಪ್ ಹೆಚ್ಚಲಿ ಎಂದು ಹಿಂದಿನ ಮಾಲೀಕ ಹಾಕಿಸಿದ್ದ ಟ್ಯೂನಿಂಗ್ ಬಾಕ್ಸ್. ಮಾವನಿಗೆ ಅದು ಇರುವುದೇ ಗೊತ್ತಿರಲಿಲ್ಲ.

ಈ ಬಾಕ್ಸ್ ಸೆನ್ಸರ್ ಮತ್ತು ಇಸಿಯು ನಡುವೆ ಕೂತು, ಇರುವುದಕ್ಕಿಂತ ಕಡಿಮೆ ಒತ್ತಡ ತೋರಿಸುತ್ತದೆ. ಅದನ್ನು ನಂಬಿ ಇಸಿಯು ಒತ್ತಡ ಏರಿಸುತ್ತದೆ. ಸೆನ್ಸರ್‌ಗೆ ಇರುವುದು ಮೂರು ವೈರ್: 5 ವೋಲ್ಟ್ ಸಪ್ಲೈ, ಸಿಗ್ನಲ್, ಗ್ರೌಂಡ್. ಎಂಜಿನ್ ನಿಂತು ಒತ್ತಡ ಇಳಿದಾಗ, ಕೀ ಆನ್ ಇದ್ದರೆ ಸಿಗ್ನಲ್ ಸುಮಾರು 0.5 ವೋಲ್ಟ್ ಇರಬೇಕು. ಇತ್ತು. ಮಲ್ಟಿಮೀಟರ್ ಹಾಗೇ ಇಟ್ಟು ವೈರಿನ ಕಟ್ಟನ್ನು ಗೇಣುಗೇಣಾಗಿ ಅಲುಗಾಡಿಸುತ್ತ ಹೋದೆವು. ಬಾಕ್ಸ್‌ನ ಹತ್ತಿರ ಬಂದಾಗ ರೀಡಿಂಗ್ 5 ವೋಲ್ಟ್ ಸಮೀಪಕ್ಕೆ ಜಿಗಿಯಿತು. ಗ್ರೌಂಡ್ ತಪ್ಪಿದಾಗ ಆಗುವುದೇ ಹೀಗೆ. ವೈರ್ ಕತ್ತರಿಸಿ, ಹೊಸೆದು, ಬರೀ ಟೇಪ್ ಸುತ್ತಿದ್ದರು. ಬ್ಯಾಟರಿ ನೆಗೆಟಿವ್ ಬಿಚ್ಚಿ, ಬಾಕ್ಸ್ ತೆಗೆದು, ಮೂಲ ವೈರ್‌ಗಳನ್ನು ಕ್ರಿಂಪ್ ಮಾಡಿ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆವು. ಮತ್ತೆ ಅಲುಗಾಡಿಸಿದರೂ ರೀಡಿಂಗ್ ಕದಲಲಿಲ್ಲ. ಇಸಿಯುವಿನಲ್ಲಿ ಏನೂ ದೋಷವಿರಲಿಲ್ಲ.

ಬಾಕ್ಸ್ ಹಾಕಿಸುವ ಗೆಳೆಯರಿಗೆ ಒಂದು ಮಾತು. ಕಂಪನಿ ಕೊಟ್ಟ ವಿನ್ಯಾಸವನ್ನು ಅನುಮತಿ ಇಲ್ಲದೆ ಬದಲಾಯಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಸಲ್ಲದು. 2019ರ ತಿದ್ದುಪಡಿಯಂತೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ನಿಮ್ಮ ಶೋಕಿಯ ಫಲವನ್ನು ಗಾಡಿ ಕೊಂಡ ಮುಂದಿನವನು ಉಣ್ಣಬೇಕಾಗುತ್ತದೆ.

ನನ್ನ ಮುಖ್ಯ ಮಾತು ಬೇರೆ. ಇಲ್ಲಿ ಬೇಕಾದ ಜ್ಞಾನವೆಲ್ಲ ನಮಗೆ ಪಿಯುಸಿಯಲ್ಲೇ ಕಲಿಸಿದ್ದು. ಮೀಟರ್ ‘ಬೀಪ್’ ಎಂದರೆ ವೈರ್ ಸರಿ ಇದೆ ಎಂದು ಎಷ್ಟೋ ಜನ ನಂಬುತ್ತಾರೆ. ಆದರೆ ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾಗಿ ಒಂದೇ ಉಳಿದರೂ ಮೀಟರ್ ಬೀಪ್ ಎನ್ನುತ್ತದೆ. ಸಡಿಲ ಜೋಡಣೆಯಲ್ಲಿ ಅರ್ಧ ಓಮ್ ಪ್ರತಿರೋಧವಿದ್ದು, 5 ಆಂಪಿಯರ್ ಹರಿದರೆ 2.5 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಅದಕ್ಕೇ ಲೋಡ್ ಹಾಕಿ ವೋಲ್ಟೇಜ್ ಇಳಿತ ನೋಡಬೇಕು. ಓಮ್ ನಿಯಮ ಎಲ್ಲರಿಗೂ ಬಾಯಿಪಾಠ. ಬಾನೆಟ್ ಎತ್ತಿದಾಗ ನೆನಪಾಗುವುದು ಎಷ್ಟು ಜನರಿಗೆ?

ಇದು ಬರೀ ಗ್ಯಾರೇಜಿನ ಮಾತಲ್ಲ. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ‘ಡಾಲಿ’ ಎಂಬ ಬೃಹತ್ ಹಡಗು ಕರೆಂಟ್ ಕಳೆದುಕೊಂಡು ಸೇತುವೆಗೆ ಗುದ್ದಿತು. ಸೇತುವೆ ಕುಸಿದು ಆರು ಕಾರ್ಮಿಕರು ಸತ್ತರು. ಮೊದಲ ಬಾರಿ ಕರೆಂಟ್ ಹೋಗಲು ಕಾರಣ ಒಂದು ಸಡಿಲ ವೈರ್ ಎಂದು ತನಿಖಾ ಸಂಸ್ಥೆ 2025ರ ನವೆಂಬರ್‌ನಲ್ಲಿ ಹೇಳಿತು. ವೈರಿಗೆ ಹಾಕಿದ್ದ ಹೆಸರಿನ ಪಟ್ಟಿ ಅಡ್ಡ ಬಂದು, ತುದಿ ಟರ್ಮಿನಲ್‌ನೊಳಗೆ ಪೂರ್ತಿ ಕೂತಿರಲಿಲ್ಲ.

‘ಇರುವ ಸಿಲಬಸ್ಸೇ ಮುಗಿಯುವುದಿಲ್ಲ, ಇದೆಲ್ಲಿಂದ ತರೋಣ?’ ಎಂದು ಕೇಳಬಹುದು. ನಾನು ಹೊಸ ವಿಷಯ ಕೇಳುತ್ತಿಲ್ಲ. ಸೆಮಿಸ್ಟರ್‌ಗೆ ಒಂದೇ ಒಂದು ಲ್ಯಾಬ್ ತರಗತಿಯಲ್ಲಿ, ಒಳಗೊಳಗೇ ತುಂಡಾದ ವೈರ್, ಸಡಿಲ ಕ್ರಿಂಪ್, ತುಕ್ಕು ಹಿಡಿದ ಗ್ರೌಂಡ್, ಹೀಗೆ ಒಂದು ದೋಷವನ್ನು ಬಚ್ಚಿಟ್ಟ ಕಿಟ್ ಕೊಡಲಿ. ದೋಷ ಯಾವಾಗ ಬರುತ್ತದೆ, ಯಾವುದರ ಮೇಲೆ ಅನುಮಾನ, ಹೇಗೆ ಪರೀಕ್ಷಿಸಿದೆ, ಏನು ಸಿಕ್ಕಿತು ಎಂದು ವಿದ್ಯಾರ್ಥಿ ಬರೆಯಲಿ. ಅಂಕ ಆ ದಾರಿಗೆ ಇರಲಿ. ಖರ್ಚಂತೂ ಇಲ್ಲ, ಕೆಟ್ಟ ಕಿಟ್‌ಗಳು ಕಪಾಟಿನಲ್ಲಿ ಇದ್ದೇ ಇರುತ್ತವೆ.

ಕಾಲೇಜು ಮಾಡುವವರೆಗೆ ನಾವು ಕಾಯಬೇಕಿಲ್ಲ. ರಜೆಯಲ್ಲಿ ಒಂದು ವಾರ ಊರಿನ ಗ್ಯಾರೇಜಿನಲ್ಲೋ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲೋ ನಿಲ್ಲೋಣ. ಮೇಸ್ತ್ರಿಯ ಕೈಗೆ ಗೊತ್ತಿರುವುದು ನಮ್ಮ ಪುಸ್ತಕದಲ್ಲಿಲ್ಲ, ನಮ್ಮ ಸರ್ಕ್ಯೂಟ್ ಡಯಾಗ್ರಾಂ ಅವರ ಕೈಯಲ್ಲಿಲ್ಲ. ಎರಡೂ ಕೂಡಿದರೆ ಬಾಡಿಗೆ ಗಾಡಿಯವನ ಒಂದು ಸೀಜನ್ನಿನ ದುಡಿಮೆ ಉಳಿಯುತ್ತದೆ. ಇಂಟರ್‌ವ್ಯೂನಲ್ಲಿ ಪ್ರಾಜೆಕ್ಟ್ ಬಗ್ಗೆ ಕೇಳಿದಾಗ, ಇಂಟರ್‌ನೆಟ್‌ನಿಂದ ಇಳಿಸಿಕೊಂಡದ್ದನ್ನಲ್ಲ, ನಾವೇ ಹುಡುಕಿ ಸರಿಪಡಿಸಿದ್ದನ್ನು ಹೇಳಬಹುದು.